ಕಷ್ಟದ ಬಾಲ್ ಲೆಕ್ಕ ಇಟ್ಟು ಬ್ಯಾಟರ್ ಆರಿಸಿದ ನನ್ನ ಅನುಭವ

ಸರಾಸರಿ ನೋಡಿ ಬ್ಯಾಟರ್ ಆರಿಸುವುದನ್ನು ನಾನು ಬಿಟ್ಟು ಆರೇಳು ವರ್ಷ ಆಯಿತು. ಇಷ್ಟು ದಿನ ಬರೆಯಲಿಲ್ಲ, ಈಗ ಬರೆಯುತ್ತಿದ್ದೇನೆ. ಯಾಕೆಂದರೆ ಹೋದ ಸೀಸನ್‌ನಲ್ಲಿ ಅದು ಎಲ್ಲರ ಕಣ್ಣೆದುರೇ ಫಲ ಕೊಟ್ಟಿತು. ನಮ್ಮ ಝೋನ್‌ನ ರನ್ ಪಟ್ಟಿಯಲ್ಲಿ ಒಂಬತ್ತನೆಯವನೋ ಹತ್ತನೆಯವನೋ ಆಗಿದ್ದ ಹುಡುಗನ ಹೆಸರನ್ನು ರಾಜ್ಯದ ಟ್ರಯಲ್ಸ್‌ಗೆ ಮೊದಲು ಬರೆದುಕೊಟ್ಟಿದ್ದೆ. "ಏನ್ರೀ, ನಾನೂರು ಹೊಡೆದವನನ್ನ ಬಿಟ್ಟು ಇನ್ನೂರು ಹೊಡೆದವನನ್ನ ಕಳಿಸ್ತೀರಾ?" ಎಂದು ಹಿರಿಯರೊಬ್ಬರು ಕೇಳಿದ್ದರು. ಆ ಹುಡುಗ ಮೇಲಿನ ಹಂತದಲ್ಲಿ ಒಂದು ಶತಕ, ಎರಡು ಅರ್ಧಶತಕ ಹೊಡೆದ. ನಾನೂರು ಹೊಡೆದಿದ್ದವನಿಗೂ ಅವಕಾಶ ಸಿಕ್ಕಿತು. ಅವನು ನಾಲ್ಕೈದು ಇನ್ನಿಂಗ್ಸ್‌ನಲ್ಲಿ ಒಟ್ಟು ಅರವತ್ತು ದಾಟಲಿಲ್ಲ.

ನಾನು ಟೆಸ್ಟ್ ತಂಡ ಆರಿಸುವವನಲ್ಲ, ಝೋನ್ ಹುಡುಗರಿಗೆ ಬ್ಯಾಟಿಂಗ್ ಹೇಳಿಕೊಡುವವನು. ಆದರೆ ಒಂದು ಮೆಟ್ಟಿಲು ಮೇಲೆ ಹತ್ತಿದಾಗ ಯಾರು ನಿಲ್ಲುತ್ತಾರೆ ಅನ್ನುವ ಪ್ರಶ್ನೆ ಝೋನ್‌ನಿಂದ ರಾಜ್ಯಕ್ಕೂ ಅದೇ, ರಣಜಿಯಿಂದ ಟೆಸ್ಟ್‌ಗೂ ಅದೇ. ಗ್ರೇಮ್ ಹಿಕ್ 1988ರಲ್ಲಿ ಇಂಗ್ಲೆಂಡ್‌ನ ದೇಶೀಯ ಕ್ರಿಕೆಟ್ ಆದ ಕೌಂಟಿಯಲ್ಲಿ ಅಜೇಯ 405 ಹೊಡೆದವರು. ಟೆಸ್ಟ್ ಸರಾಸರಿ 31ರಲ್ಲೇ ನಿಂತಿತು. ಮಾರ್ಕ್ ರಾಂಪ್ರಕಾಶ್ ಪ್ರಥಮ ದರ್ಜೆಯಲ್ಲಿ 114 ಶತಕ ಹೊಡೆದರು, ಟೆಸ್ಟ್‌ನಲ್ಲಿ ಎರಡೇ. ನಮ್ಮ ಕರುಣ್ ನಾಯರ್ ಅವರನ್ನೇ ನೋಡಿ. 2024-25ರಲ್ಲಿ ವಿದರ್ಭದ ಪರ ರಣಜಿಯಲ್ಲಿ 863 ರನ್, ಒಂದು ದಿನದ ವಿಜಯ್ ಹಜಾರೆ ಟೂರ್ನಿಯಲ್ಲಿ 779. ಚೆನ್ನೈನಲ್ಲಿ ತ್ರಿಶತಕ ಹೊಡೆದ ಮನುಷ್ಯ ಎಂಟು ವರ್ಷದ ಮೇಲೆ ವಾಪಸ್ ಬಂದರಲ್ಲ ಎಂದು ನಾವೆಲ್ಲ ಖುಷಿಪಟ್ಟೆವು. ಇಂಗ್ಲೆಂಡ್‌ನಲ್ಲಿ ನಾಲ್ಕು ಟೆಸ್ಟ್, 205 ರನ್. ಅದರಲ್ಲಿ ನಾಲ್ಕು ಇನ್ನಿಂಗ್ಸ್ 20, 31, 26, 40. ಆ ನಾಲ್ಕೂ ಸಲ ಕಾಲೂರಿದರು, ಆಮೇಲೆ ಒಂದು ಬಾಲ್ ಬಂತು. ಆ ಒಂದು ಬಾಲ್ ರಣಜಿಯಲ್ಲಿ ದಿನಕ್ಕೆ ಎಷ್ಟು ಸಲ ಬರುತ್ತದೆ? ನನ್ನ ಲೆಕ್ಕವೆಲ್ಲ ಶುರುವಾಗುವುದು ಅಲ್ಲಿಂದ.

ಆಸ್ಟ್ರೇಲಿಯಾದ ರಣಜಿಯಂಥ ಶೆಫೀಲ್ಡ್ ಶೀಲ್ಡ್‌ನಲ್ಲಿ ಆರು ತಂಡ, ರಣಜಿಯಲ್ಲಿ 38. ಒಳ್ಳೆಯ ವೇಗಿಗಳು 38 ಕಡೆ ಹಂಚಿಹೋದರೆ ಒಂದು ತಂಡಕ್ಕೆ ಒಬ್ಬ ಸಿಕ್ಕರೆ ಪುಣ್ಯ. ಅವನ ಏಳೆಂಟು ಓವರ್ ತಡೆದುಕೊಂಡರೆ ಉಳಿದ ದಿನವೆಲ್ಲ ರನ್ ಹೊಡೆಯಬಹುದು. ಮೇಲಿನ ಹಂತದಲ್ಲಿ ಆ ತರದವರು ಮೂವರು ಇರುತ್ತಾರೆ. ಒಬ್ಬ ಹೋದರೆ ಇನ್ನೊಬ್ಬ.

ಹಾಗಾಗಿ ನಾನು ಸ್ಕೋರ್‌ಬುಕ್ ಪಕ್ಕದಲ್ಲೇ ಒಂದು ನೋಟ್‌ಬುಕ್ ಇಟ್ಟುಕೊಳ್ಳುತ್ತೇನೆ. ಅದರಲ್ಲಿ ಕಷ್ಟದ ಬಾಲ್ ಮಾತ್ರ. ವೇಗಿಯದ್ದೇ ಆಗಿರಬೇಕು, ಬ್ಯಾಟರ್‌ನ ಸ್ಟಂಪಿನಿಂದ ಆರರಿಂದ ಎಂಟು ಮೀಟರ್ ದೂರದ ಲೆಂತ್‌ನಲ್ಲಿ ಬಿದ್ದು ಆಫ್ ಸ್ಟಂಪಿನ ನೆತ್ತಿಗೋ ಅದರಾಚೆ ಒಂದು ಗೇಣಿನೊಳಗೋ ಬರಬೇಕು. ಇಲ್ಲವೇ ಸೊಂಟದ ಮೇಲಕ್ಕೆ ಎದ್ದು ಮೈಮೇಲೆ ಬರಬೇಕು. ಉಳಿದಿದ್ದೆಲ್ಲ ಬಿಡಿ, ಬೌಂಡರಿ ಹೋಗಿದ್ದರೂ ಬಿಡಿ. ಆ ಬಾಲಿಗೆ ಹುಡುಗ ಏನು ಮಾಡಿದ? ಬ್ಯಾಟಿನ ನಡುವಿಗೆ ಬಂತಾ, ಅಂಚಿಗೆ ತಗುಲಿ ಎಡ್ಜ್ ಆಯಿತಾ, ಬ್ಯಾಟಿಗೆ ಸಿಗದೆ ಬೀಟ್ ಆದನಾ, ಬೇಕೆಂದೇ ಆಡದೆ ಬಿಟ್ಟನಾ? ಎಡ್ಜ್ ಕ್ಯಾಚ್ ಆಗದಿದ್ದರೂ ತಪ್ಪು ತಪ್ಪೇ. ಸ್ಲಿಪ್‌ನಲ್ಲಿ ಯಾರೂ ಇಲ್ಲದ ಕಡೆ ಬೌಂಡರಿ ಹೋದ ಎಡ್ಜ್‌ಗಳೇ ಎಷ್ಟೋ ಹುಡುಗರ ಸರಾಸರಿಯನ್ನು ಹತ್ತು ರನ್ ಮೇಲೆತ್ತಿರುತ್ತವೆ.

ನಾನೂರು ಹೊಡೆದವನು ಒಂದು ಮ್ಯಾಚ್‌ನಲ್ಲಿ ನೂರಾನಲವತ್ತು ಮಾಡಿದ್ದ. ಅದರಲ್ಲಿ ಕಷ್ಟದ ಬಾಲ್ ಮೂವತ್ತರ ಹತ್ತಿರ, ತಪ್ಪು ಹನ್ನೊಂದೋ ಹನ್ನೆರಡೋ. ನಾನು ಆರಿಸಿದವನು ಅದೇ ವಾರ ಇನ್ನೊಂದು ಮ್ಯಾಚ್‌ನಲ್ಲಿ ಎರಡು ಗಂಟೆ ನಿಂತು ಮೂವತ್ತೆಂಟು ಮಾಡಿ ರನೌಟ್ ಆದ. ಕಷ್ಟದ ಬಾಲ್ ನಲವತ್ತೈದರಷ್ಟು, ತಪ್ಪು ಮೂರು. ಒಂದು ಬಾಲ್ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಗುಡ್ ಲೆಂತ್‌ನಿಂದ ಅನಿರೀಕ್ಷಿತವಾಗಿ ಎದ್ದು ಎದೆಗೆ ಬಂತು. ಬೇರೆಯವರಾದರೆ ಬಾಲಿನ ಕಡೆ ಕೈ ಚಾಚುತ್ತಿದ್ದರು. ಇವನ ಕೆಳಗಿನ ಕೈ ಸಡಿಲವಾಯಿತು, ಬ್ಯಾಟ್ ಎದೆಯ ಹತ್ತಿರವೇ ಉಳಿಯಿತು, ಬಾಲ್ ಕಾಲ ಬುಡದಲ್ಲಿ ಸತ್ತು ಬಿತ್ತು. ಪಕ್ಕದಲ್ಲೇ ಕ್ಯಾಚ್‌ಗೆ ಕಾದಿದ್ದ ಶಾರ್ಟ್ ಲೆಗ್‌ನವನು ಕದಲಲೂ ಇಲ್ಲ. ಸ್ಕೋರ್‌ಬುಕ್‌ನಲ್ಲಿ ಅದು ಬರೀ ಒಂದು ಚುಕ್ಕೆ.

ತೊಂದರೆ ಏನೆಂದರೆ ನಮ್ಮ ಮಟ್ಟದ ಮ್ಯಾಚ್‌ಗಳಲ್ಲಿ ಇಂಥ ಬಾಲ್ ಕಡಿಮೆ. ಕನಿಷ್ಠ ನೂರು ಸಿಗದೆ ನಾನು ಬಾಯಿ ಬಿಡುವುದಿಲ್ಲ. ಕೆ.ಎಲ್. ರಾಹುಲ್ 2014ರಲ್ಲಿ ಮೆಲ್ಬರ್ನ್‌ನ ಮೊದಲ ಟೆಸ್ಟ್‌ನಲ್ಲಿ 3 ಮತ್ತು 1, ಮುಂದಿನ ಟೆಸ್ಟ್‌ನಲ್ಲಿ ಸಿಡ್ನಿಯಲ್ಲಿ 110. ಎರಡು ಇನ್ನಿಂಗ್ಸ್ ನೋಡಿ ತೀರ್ಮಾನ ಮಾಡಿದ್ದರೆ ಗತಿ ಏನಾಗುತ್ತಿತ್ತು, ಅಲ್ವಾ? ಅದಕ್ಕೆ ನೆಟ್ಸ್‌ನಲ್ಲಿ ಕಷ್ಟದ ಬಾಲ್ ಹುಟ್ಟಿಸಬೇಕಾಯಿತು. ದುಡ್ಡು ಹೋಗಿದ್ದೇ ಅಲ್ಲಿ.

ಮೊದಲು ಸೆಕೆಂಡ್ ಹ್ಯಾಂಡ್ ಬೌಲಿಂಗ್ ಮೆಷಿನ್ ತಂದೆ. ಎಂಬತ್ತು ತೊಂಬತ್ತು ಸಾವಿರ ಆಗಿರಬೇಕು, ಅರ್ಧ ಸಾಲ. ಮೆಷಿನ್‌ನಲ್ಲಿ ಗಂಟೆಗೆ 140 ಕಿ.ಮೀ. ವೇಗ ಇಟ್ಟರೂ ಹುಡುಗರು ರಾಜರ ಹಾಗೆ ಆಡಿದರು. ಅದೇ ಹುಡುಗರು ಶನಿವಾರದ ಮ್ಯಾಚ್‌ನಲ್ಲಿ 125ರವನಿಗೆ ಬೌಲ್ಡ್. ಮೆಷಿನ್‌ಗೆ ರನ್‌ಅಪ್ ಇಲ್ಲ, ಮಣಿಕಟ್ಟಿಲ್ಲ, ಬಾಲ್ ಎಲ್ಲಿ ಬೀಳುತ್ತದೆ ಎಂದು ಮೂರನೇ ಬಾಲಿಗೇ ಗೊತ್ತಾಗಿಬಿಡುತ್ತದೆ. ಅರ್ಧ ಬೆಲೆಗೆ ಮಾರಿದೆ. ಆಮೇಲೆ ಇಬ್ಬರು ಜೋರು ಬೌಲರ್‌ಗಳನ್ನು ಸೆಷನ್‌ಗೆ ಐನೂರು ಆರುನೂರು ಕೊಟ್ಟು ಕರೆಸಿದೆ. ನಾಲ್ಕು ಓವರ್ ಆದ ಮೇಲೆ ಅವರ ವೇಗ ಇಳಿಯುತ್ತಿತ್ತು. ಪಾಪ, ಅವರ ತಪ್ಪಲ್ಲ, ಬೆನ್ನು ಯಾರಿಗೂ ಬಿಟ್ಟಿ ಬಂದಿಲ್ಲ. ಸ್ಪೀಡ್ ಗನ್‌ಗೂ ಹತ್ತು ಹನ್ನೆರಡು ಸಾವಿರ ಸುರಿದೆ. ರಸ್ತೆಯಲ್ಲಿ ಬೈಕ್ ಹೋದರೆ ಅದರ ವೇಗ ತೋರಿಸುತ್ತಿತ್ತು.

ಕೊನೆಗೆ ಕೈಹಿಡಿದದ್ದು ಸೈಡ್‌ಆರ್ಮ್, ಬಾಲನ್ನು ಜೋರಾಗಿ ಎಸೆಯಲು ಬಳಸುವ ಉದ್ದ ಹಿಡಿಯ ಸಾಧನ. ಕುಮಟಾದ ರಘು ಅದರಿಂದಲೇ ಭಾರತ ತಂಡದ ಬ್ಯಾಟರ್‌ಗಳಿಗೆ ನೆಟ್ಸ್‌ನಲ್ಲಿ ವೇಗದ ಬಾಲ್ ಎಸೆದು ಹೆಸರಾದವರು. ನನ್ನ ತೋಳಿಗೆ ಅಷ್ಟು ಶಕ್ತಿ ಇಲ್ಲ, 110-115 ಬರುತ್ತದೆ. ಅದಕ್ಕೆ ಇಪ್ಪತ್ತೆರಡು ಗಜದ ಬದಲು ಹದಿನಾರು ಗಜದಿಂದ ಎಸೆಯುತ್ತೇನೆ. ಹುಡುಗನಿಗೆ ಸಿಗುವ ಸಮಯ ಹೆಚ್ಚುಕಮ್ಮಿ 140ರದ್ದೇ. ಆದರೆ ಬರೀ ಹತ್ತಿರ ಬಂದರೆ ಬಾಲ್ ಚಪ್ಪಟೆಯಾಗಿ ಜಾರುತ್ತದೆ, ಏಳುವುದಿಲ್ಲ. ಅದಕ್ಕೆ ಬಡಗಿಯ ಹತ್ತಿರ ಒಂದೂವರೆ ಅಡಿ ಎತ್ತರದ ಗಟ್ಟಿ ಮರದ ಕಟ್ಟೆ ಮಾಡಿಸಿದೆ, ಎರಡು ಸಾವಿರ ಚಿಲ್ಲರೆ. ಅದರ ಮೇಲೆ ನಿಂತು ಎಸೆದ ದಿನ ಮೊದಲ ಸಲ ನಮ್ಮ ನೆಟ್ಸ್‌ನಲ್ಲಿ ಬಾಲ್ ಪಕ್ಕೆಲುಬಿಗೆ ಬಂತು. ತೊಂಬತ್ತು ಸಾವಿರದ ಮೆಷಿನ್ ಮಾಡದ ಕೆಲಸವನ್ನು ಈ ಕಟ್ಟೆ ಮಾಡಿತು. ಚೆಸ್ಟ್ ಗಾರ್ಡ್ ಇಲ್ಲದೆ ಯಾರನ್ನೂ ಒಳಗೆ ಬಿಡಬೇಡಿ.

ಬಾಲ್‌ಗಳನ್ನು ಯಾವ ಕ್ರಮದಲ್ಲಿ ಎಸೆಯುತ್ತೇನೆ, ಹುಡುಗ ದಣಿದ ಮೇಲೆ ಯಾವ ಹನ್ನೆರಡು ಬಾಲ್ ಹಾಕುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಹೊರಗೆ ಗೊತ್ತಾದರೆ ಹುಡುಗರು ಅದಕ್ಕೇ ತಯಾರಾಗಿ ಬರುತ್ತಾರೆ.

ನಡುವೆ ಗ್ರಾನೈಟ್ ಹಾಸಿ ಒದ್ದೆ ಟೆನಿಸ್ ಬಾಲ್ ಪ್ರಯೋಗವನ್ನೂ ಮಾಡಿದೆ. ಭಯ ಹೋಗಿಸಲು ಒಳ್ಳೆಯದು, ಆರಿಸಲು ಬೇಡ. ಹಗುರ ಬಾಲಿಗೆ ಎಲ್ಲರ ಕೈಯೂ ಸಡಿಲವೇ. ಆಸ್ಟ್ರೇಲಿಯಾದ ಕೂಕಬುರ್ರಾ ಬಾಲ್ ಒಂದು ತಂದೆ. ಆ ದುಡ್ಡಿಗೆ ನಮ್ಮಲ್ಲಿ ಆಡುವ ಎಸ್‌ಜಿ ಬಾಲ್ ನಾಲ್ಕೈದು ಬರುತ್ತಿದ್ದವು. ಎರಡೇ ಸೆಷನ್‌ಗೆ ನಮ್ಮ ನೆಲ ಅದರ ಚರ್ಮ ಸುಲಿದುಹಾಕಿತು.

ಡಂಕನ್ ಫ್ಲೆಚರ್ ಕಣ್ಣಲ್ಲೇ ಈ ಕೆಲಸ ಮಾಡಿದವರು. 1999ರಲ್ಲಿ ಕೌಂಟಿ ತಂಡ ಗ್ಲಾಮೊರ್ಗನ್‌ನ ಕೋಚ್ ಆಗಿದ್ದಾಗ ಎದುರಾಳಿ ತಂಡದ ಮಾರ್ಕಸ್ ಟ್ರೆಸ್ಕೋಥಿಕ್ 167 ಹೊಡೆದದ್ದು ನೋಡಿದರು. ಬೌಲಿಂಗ್‌ನಲ್ಲಿ ದಕ್ಷಿಣ ಆಫ್ರಿಕಾದ ಜಾಕ್ ಕಾಲಿಸ್ ಇದ್ದರು. ಮರುವರ್ಷ ಇಂಗ್ಲೆಂಡ್ ಕೋಚ್ ಆಗಿ ಟ್ರೆಸ್ಕೋಥಿಕ್ ಅವರನ್ನು ತಂಡಕ್ಕೆ ಕರೆದರು. ಟ್ರೆಸ್ಕೋಥಿಕ್ 76 ಟೆಸ್ಟ್ ಆಡಿ 5825 ರನ್ ಹೊಡೆದರು. ರನ್ ಯಾರ ಎದುರು ಬಂತು ಎಂದು ನೋಡುವ ಕಣ್ಣು ಅದು. ನನಗೆ ಅಂಥ ಕಣ್ಣಿಲ್ಲ, ನೋಟ್‌ಬುಕ್ ಇದೆ. ಇದುವರೆಗೆ ಇಪ್ಪತ್ತರ ಹತ್ತಿರ ಹುಡುಗರ ಲೆಕ್ಕ ಇಟ್ಟಿದ್ದೇನೆ. ಹತ್ತು ಕಷ್ಟದ ಬಾಲಿಗೆ ಒಂದೂವರೆಗಿಂತ ಕಡಿಮೆ ತಪ್ಪು ಮಾಡಿದವರಲ್ಲಿ ಮುಕ್ಕಾಲು ಪಾಲು ಮೇಲೆ ಹೋಗಿ ನಿಂತರು. ಮೂರು ದಾಟಿದವರಲ್ಲಿ ಒಬ್ಬನೂ ನಿಲ್ಲಲಿಲ್ಲ.

ಇದೆಲ್ಲ ವೇಗಕ್ಕೆ ಆಯಿತು, ಸ್ಪಿನ್‌ಗೆ? 2024ರಲ್ಲಿ ನ್ಯೂಜಿಲೆಂಡ್ ನಮ್ಮ ನೆಲದಲ್ಲೇ 3-0 ಗೆದ್ದಿತು. ಪುಣೆಯಲ್ಲಿ ಮಿಚೆಲ್ ಸ್ಯಾಂಟ್ನರ್ ಒಬ್ಬರೇ 13 ವಿಕೆಟ್ ತೆಗೆದರು. ನಮ್ಮವರು ಸ್ಪಿನ್ ಚೆನ್ನಾಗಿ ಆಡುತ್ತಾರೆ ಅನ್ನುವ ನಂಬಿಕೆಗೂ ಲೆಕ್ಕ ಬೇಕು ಎಂದು ಆಗ ಅನಿಸಿತು. ಈ ಸೀಸನ್‌ನಿಂದ ಅದಕ್ಕೆ ಬೇರೆ ನೋಟ್‌ಬುಕ್ ತೆರೆದಿದ್ದೇನೆ. ತಿರುಗುವ ಬಾಲ್ ಮತ್ತು ತಿರುಗದೆ ನೇರ ಬರುವ ಬಾಲ್ ಎರಡಕ್ಕೂ ಒಂದೊಂದು ಕಾಲಂ. ನೇರ ಬರುವುದರ ಕಾಲಂನಲ್ಲೇ ತಪ್ಪು ಜಾಸ್ತಿ ಬೀಳುತ್ತಿವೆ. ಇನ್ನೂ ಯಾರಿಗೂ ನೂರು ಬಾಲ್ ತುಂಬಿಲ್ಲ.