ಕೋಳಿ ಸೂಪು, ರವೆ ನೋಕರ್ಲು: ಏಳನೇ ಸಲಕ್ಕೆ ಹದ ಸಿಕ್ಕಿತು

ನಮ್ಮ ಅತ್ತೆ ಮಂಡ್ಯ ಕಡೆಯವರು. ನಾಟಿ ಕೋಳಿ ಸಾರು ಅಂದರೆ ಅವರ ಕೈಯೇ ಕೈ. ಹೋದ ಚಳಿಗಾಲದಲ್ಲಿ ಅವರು ಜರ್ಮನಿಯ ಮ್ಯೂನಿಕ್‌ಗೆ ನಮ್ಮ ಮನೆಗೆ ಬಂದಿದ್ದರು. ಆ ಭಾನುವಾರ ಒಲೆಯ ಮೇಲೆ ಕೋಳಿ ಬೇಯುತ್ತಿತ್ತು, ಪಕ್ಕದಲ್ಲಿ ನಾನು ಬೆಣ್ಣೆಗೆ ರವೆ ಕಲಸುತ್ತಿದ್ದೆ. ಸ್ವಲ್ಪ ಹೊತ್ತು ನೋಡಿ ಕೇಳಿದರು: "ಏನವ್ವಾ ಇದು, ಕೋಳಿ ಸಾರಿಗೆ ಉಪ್ಪಿಟ್ಟಿನ ಉಂಡೆ ಬಿಡ್ತೀಯಾ?"

ನಮ್ಮವರದು ಬೇರೆ ತಕರಾರು. ಕುಕ್ಕರ್ ಇರುವಾಗ ಮೂರು ಗಂಟೆ ಕರೆಂಟು ಯಾಕೆ ಸುಡಬೇಕು ಅಂತ. ಇನ್ನು ಮೇಲಿನ ಮನೆಯ ಬವೇರಿಯಾದ ಅಜ್ಜಿ. ನನಗೆ ಗ್ರೀಸ್‌ನೋಕರ್ಲ್, ಅಂದರೆ ಸೂಪಿಗೆ ಹಾಕುವ ರವೆ ಉಂಡೆ, ತೋರಿಸಿಕೊಟ್ಟವರೇ ಅವರು. ಆದರೆ ಇಂಡಿಯನ್ ಅಂಗಡಿಯ ರವೆ ಪೊಟ್ಟಣ ನೋಡಿದ ಕೂಡಲೇ ತಲೆ ಅಲ್ಲಾಡಿಸಿಬಿಟ್ಟರು. ಈಗ ಮೂವರೂ ಇದೇ ಸೂಪನ್ನು ಕೇಳಿ ಹಾಕಿಸಿಕೊಂಡು ತಿನ್ನುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿನ ಹೋಟೆಲ್‌ಗಳಲ್ಲಿ ಈ ರವೆ ನೋಕರ್ಲನ್ನು ಜಾಸ್ತಿ ದನದ ಮಾಂಸದ ತಿಳಿಯಲ್ಲಿ ಕೊಡುತ್ತಾರೆ. ನಮ್ಮನೆಯಲ್ಲಿ ಅದು ನಡೆಯುವುದಿಲ್ಲ. ಹಾಗಾಗಿ ಕೋಳಿ. ಸೂಪಿಗೆ ಇಲ್ಲಿ ಸುಪ್ಪನ್‌ಹೂನ್ ಅಂತಲೇ ಬೇರೆ ಕೋಳಿ ಸಿಗುತ್ತದೆ. ಮೊಟ್ಟೆ ಇಟ್ಟು ಮುಗಿಸಿದ ಹಳೇ ಕೋಳಿ, ನಮ್ಮ ಕಡೆಯ ಲೇಯರ್ ಕೋಳಿ ಅನ್ನಿ. ಎಳೇ ಬ್ರಾಯ್ಲರ್ ತಂದು ಸೂಪು ಮಾಡಿದರೆ ನೀರಿಗೆ ಬಣ್ಣವೂ ಇರಲ್ಲ, ರುಚಿಯೂ ಇರಲ್ಲ. ಇದು ನಿಮಗೆ ಗೊತ್ತಿರುವ ವಿಷಯವೇ, ನಾಟಿ ಕೋಳಿಗೂ ಬ್ರಾಯ್ಲರ್‌ಗೂ ಇರುವ ವ್ಯತ್ಯಾಸವೇ ಅಲ್ವಾ.

ಮೊದಲ ಸಲ ಕೆಟ್ಟಿದ್ದು ಅಂಗಡಿಯಲ್ಲೇ. ಇಲ್ಲಿ ರವೆ ಎರಡು ತರಹ. ವೈಖ್‌ವೈಟ್ಸನ್ ಅಂದರೆ ಮೆದು ಗೋಧಿಯದು, ಹಾರ್ಟ್‌ವೈಟ್ಸನ್ ಅಂದರೆ ಗಟ್ಟಿ ಗೋಧಿಯದು. ನೋಕರ್ಲ್ ಮೆತ್ತಗಿರಬೇಕಲ್ಲ, ಮೆದು ಗೋಧಿಯದೇ ಸರಿ ಅಂದುಕೊಂಡು ತಂದೆ. ಕುದಿನೀರಿಗೆ ಬಿಟ್ಟ ಐದೇ ನಿಮಿಷಕ್ಕೆ ಪಾತ್ರೆಯಲ್ಲಿ ಅಂಬಲಿ. ಆ ರವೆ ಮಕ್ಕಳಿಗೆ ಹಾಲಿನಲ್ಲಿ ಬೇಯಿಸುವ ಗಂಜಿಗೆ ಚೆನ್ನ, ಇದಕ್ಕೆ ಅಲ್ಲ. ಆ ದಿನ ಕೋಳಿ ಬೇಯಿಸಿದ ಪಾತ್ರೆಗೇ ನೇರವಾಗಿ ಬಿಟ್ಟಿದ್ದೆ. ಹಾಗಾಗಿ ಸೂಪೂ ಹೋಯಿತು.

ಎರಡನೇ ಸಲ ಮನೆಯಲ್ಲಿದ್ದ ಬಾಂಬೆ ರವೆ. ಚಮಚದ ಲೆಕ್ಕದಲ್ಲಿ ಹಾಕಿದೆ, ಮುದ್ದೆ ಕಟ್ಟುವ ಹಾಗೆ ಅಂಗೈಯಲ್ಲಿ ಒತ್ತಿ ಉಂಡೆ ಮಾಡಿದೆ. ಹೊರಗೆ ಮೆತ್ತಗೆ, ಒಳಗೆ ಕಲ್ಲು. ಮಗಳು ಕಚ್ಚಿ ಹಾಗೇ ತಟ್ಟೆಗೆ ಉಗಿದಳು. ಮೂರನೇ ಸಲ ಫ್ರಿಜ್ಜಿನಿಂದ ತೆಗೆದ ಮೊಟ್ಟೆಯನ್ನು ಹಾಗೇ ಬೆಣ್ಣೆಗೆ ಒಡೆದೆ. ಬೆಣ್ಣೆ ಒಡೆದು ಕಾಳುಕಾಳಾಯಿತು. ಡಿಸೆಂಬರ್ ಚಳಿ ಬೇರೆ. ಆವತ್ತಿನಿಂದ ಬೆಣ್ಣೆ, ಮೊಟ್ಟೆ ಎರಡನ್ನೂ ರಾತ್ರಿಯೇ ಹೊರಗಿಡುತ್ತೇನೆ.

ನಾಲ್ಕನೇ ಸಲ ಎಲ್ಲ ಸರಿಯಿತ್ತು, ಉರಿ ಕೆಡಿಸಿತು. ನೀರು ದಬದಬ ಕುದಿಯುತ್ತಿತ್ತು. ಹನ್ನೆರಡು ಬಿಟ್ಟಿದ್ದೆ, ಎರಡೋ ಮೂರೋ ಇಡಿಯಾಗಿ ಉಳಿದವು. ಮಿಕ್ಕಿದ್ದು ಚೂರುಚೂರು. ಐದನೇ, ಆರನೇ ಸಲವೂ ಒಂದೊಂದು ಕೊರತೆ. ಅದನ್ನೆಲ್ಲ ಬರೆದರೆ ಮುಗಿಯಲ್ಲ.

ಈ ಏಳು ಸಲದಲ್ಲಿ ಎರಡು ಇಡೀ ಕೋಳಿ ದಂಡವಾಯಿತು. ಬೆಣ್ಣೆ, ಮೊಟ್ಟೆ, ತರಕಾರಿ ಎಲ್ಲ ಸೇರಿಸಿದರೆ ಹತ್ತಿರಹತ್ತಿರ 30 ಯೂರೋ. ಹೊಟ್ಟೆ ಉರಿಯಿತು. ಆದರೆ ಹೋಟೆಲ್‌ನಲ್ಲಿ ಒಂದು ಬಟ್ಟಲಿಗೆ 6-7 ಯೂರೋ ಕೊಡುತ್ತೇವೆ, ಅದರಲ್ಲಿ ಬರುವುದು ಎರಡೇ ನೋಕರ್ಲ್. ನಾನು ತರುವ ಫ್ರೋಜನ್ ಕೋಳಿ ಒಂದೂಕಾಲು ಕಿಲೋ ಚಿಲ್ಲರೆ ತೂಗುತ್ತದೆ, 5-6 ಯೂರೋ. ಸಂತೆಯಲ್ಲಿ ತಾಜಾ ಕೋಳಿಗೆ ಅದರ ಎರಡರಷ್ಟು. ಸೂಪಿನ ತರಕಾರಿ ಕಟ್ಟು ಎರಡೂವರೆ ಯೂರೋ. ಸಣ್ಣ ಉರಿಯಲ್ಲಿ ಮೂರು ಗಂಟೆಗೆ ಕರೆಂಟು ನನ್ನ ಅಂದಾಜಿಗೆ ಒಂದು ಯೂನಿಟ್ ಆಸುಪಾಸು. ಒಟ್ಟು 10 ಯೂರೋ ಒಳಗೆ ಎಂಟು ಬಟ್ಟಲು ಸೂಪು, ಮೇಲೆ ಒಂದು ಹೊತ್ತಿನ ಪಲ್ಯಕ್ಕಾಗುವಷ್ಟು ಮಾಂಸ. ಈ ಲೆಕ್ಕ ಹೇಳಿದ ಮೇಲೆ ನಮ್ಮವರು ಕರೆಂಟಿನ ಮಾತು ಎತ್ತಿಲ್ಲ.

ಕುಕ್ಕರ್ ವಿಷಯವನ್ನೂ ಸುಮ್ನೆ ಬಿಡಲಿಲ್ಲ, ಮಾಡಿಯೇ ನೋಡಿದೆ. ನಲವತ್ತು ನಿಮಿಷಕ್ಕೆ ಮಾಂಸ ಹಣ್ಣಾಗಿ ಬೆಂದಿತ್ತು, ಅದು ನಿಜ. ಆದರೆ ಸೀಟಿ ಹೊಡೆಯುವ ಕುಕ್ಕರ್‌ನಲ್ಲಿ ನೀರು ಒಳಗೇ ಕುಣಿಯುತ್ತದೆ. ಕೊಬ್ಬು ನೀರಿನಲ್ಲಿ ಬೆರೆತು ತಿಳಿಯೆಲ್ಲ ಹಾಲು ಬೆರೆಸಿದ ಹಾಗೆ ಮಬ್ಬು. ಮಸಾಲೆ ಸಾರಿಗೆ ಅದು ಅಡ್ಡಿಯಿಲ್ಲ. ಈ ಸೂಪಿಗೆ ತಿಳಿಯೇ ಜೀವ. ಬಟ್ಟಲಿನ ತಳ ಕಾಣಬೇಕು, ಮೇಲೆ ಕೊಬ್ಬಿನ ಸಣ್ಣ ಸಣ್ಣ ಹೊನ್ನಿನ ಕಣ್ಣು ತೇಲಬೇಕು.

ಹಾಗಾಗಿ ತೆರೆದ ಪಾತ್ರೆ, ತಣ್ಣೀರು. ಕೋಳಿ ಮುಳುಗಿ ಮೇಲೆ ನಾಲ್ಕು ಬೆರಳು ನೀರು ನಿಲ್ಲಬೇಕು, ನನಗೆ ಸುಮಾರು ಮೂರು ಲೀಟರ್ ಹಿಡಿಯುತ್ತದೆ. ಉರಿ ಏರಿಸುವ ಅವಸರ ಬೇಡ. ಮೊದಲ ಅರ್ಧ ಗಂಟೆ ನೊರೆ ತೆಗೆಯುತ್ತಲೇ ಇರಬೇಕು. ಆಮೇಲೆ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟು ಉರಿ ಸಾಕು. ಈರುಳ್ಳಿಯನ್ನು ಸಿಪ್ಪೆ ಸಮೇತ ಎರಡು ಹೋಳು ಮಾಡಿ, ಒಣ ಬಾಣಲೆಯಲ್ಲಿ ಮುಖ ಕಪ್ಪಗಾಗುವ ತನಕ ಸುಟ್ಟು ಹಾಕುತ್ತೇನೆ. ಸೂಪಿನ ಬಣ್ಣ ಬರುವುದು ಅದರಿಂದ, ಅರಿಸಿನ ಬೇಕಿಲ್ಲ. ಕ್ಯಾರೆಟ್, ಸೆಲರಿ ಗಡ್ಡೆ, ಲೀಕ್ (ಈರುಳ್ಳಿ ಜಾತಿಯ ದಂಟು) ಕೊನೆಯ ಒಂದು ಗಂಟೆಗೆ. ಮೊದಲೇ ಹಾಕಿದರೆ ಕರಗಿ ತಿಳಿ ಕಲಕುತ್ತದೆ. ಲೀಬ್‌ಷ್ಟೋಕೆಲ್ ಸೊಪ್ಪು ಸಿಕ್ಕರೆ ಎರಡೇ ಎಲೆ. ಮ್ಯಾಗಿ ಸಾಸ್ ವಾಸನೆ ಬರುತ್ತದೆ ಅಂತ ಇಲ್ಲಿ ಅದಕ್ಕೆ ಮ್ಯಾಗಿ ಸೊಪ್ಪು ಅಂತಲೇ ಹೆಸರು, ಆದರೆ ಆ ಸಾಸಿನಲ್ಲಿ ಈ ಸೊಪ್ಪು ಇಲ್ಲ. ಉಪ್ಪು ಕೊನೆಗೆ.

ಎರಡೂವರೆ, ಮೂರು ಗಂಟೆಗೆ ಕಾಲಿನ ಮೂಳೆ ಸಡಿಲವಾಗುತ್ತದೆ. ಬಟ್ಟೆಯಲ್ಲಿ ಸೋಸಿ. ಹಿಂಡಬೇಡಿ.

ಇನ್ನು ನೋಕರ್ಲ್. ಅಜ್ಜಿ ಹೇಳಿದ ಲೆಕ್ಕ ಒಂದೇ ಸಾಲು: ಮೊಟ್ಟೆ ಎಷ್ಟು ತೂಗುತ್ತದೋ ಅಷ್ಟು ಬೆಣ್ಣೆ, ಅದರ ಎರಡರಷ್ಟು ರವೆ. ಇದನ್ನು ಮೊದಲ ದಿನವೇ ಹೇಳಿದ್ದರು. ತಕ್ಕಡಿ ಹಿಡಿಯದೆ ಚಮಚ ಹಿಡಿದದ್ದರಿಂದ ನನಗೆ ಭಾನುವಾರಗಳು ದಂಡವಾದವು. ಓಡು ತೆಗೆದ ಮೊಟ್ಟೆ 50-55 ಗ್ರಾಂ ಬರುತ್ತದೆ. ಹಾಗಾದರೆ ಬೆಣ್ಣೆಯೂ ಅಷ್ಟೇ, ರವೆ 100-110 ಗ್ರಾಂ. ಬೆಣ್ಣೆಯನ್ನು ಬೆಳ್ಳಗೆ ನೊರೆಯಾಗುವ ತನಕ ಕಡೆಯಬೇಕು, ಮೊಟ್ಟೆಯನ್ನು ಸ್ವಲ್ಪ ಸ್ವಲ್ಪವೇ ಸೇರಿಸಬೇಕು. ಆಮೇಲೆ ಉಪ್ಪು, ತುರಿದ ಜಾಯಿಕಾಯಿ, ರವೆ. ಹತ್ತು ಹದಿನೈದು ನಿಮಿಷ ಬಿಡಿ. ಅದಕ್ಕಿಂತ ಜಾಸ್ತಿ ಬಿಟ್ಟರೆ ರವೆ ಎಲ್ಲ ಹೀರಿಕೊಂಡು ಹಿಟ್ಟು ಬಿಗಿಯಾಗುತ್ತದೆ. ಐದನೇ ಸಲ ಫೋನಿನಲ್ಲಿ ತಂಗಿ ಜೊತೆ ಮಾತಾಡುತ್ತ ಮುಕ್ಕಾಲು ಗಂಟೆ ಬಿಟ್ಟಿದ್ದೆ, ಆ ಸಲ ಕೆಟ್ಟದ್ದು ಅದರಿಂದಲೇ.

ರವೆಯಲ್ಲಿ ನನ್ನ ಹಟ ಗೆದ್ದಿತು. ಇಲ್ಲಿನ ಗಟ್ಟಿ ಗೋಧಿ ರವೆಯಲ್ಲಿ ಚೆನ್ನಾಗಿ ಬಂತು. ನಮ್ಮ ಬನ್ಸಿ ರವೆಯೂ ಗಟ್ಟಿ ಗೋಧಿಯ ಜಾತಿಯದೇ ಅಲ್ವಾ, ಅದೂ ಆಗಲೇಬೇಕು ಅಂತ ಮಾಡಿದೆ. ಅದೇ ಹದ, ಅದೇ ಹಳದಿ, ಕಚ್ಚಿದರೆ ಕಾಳು ಕಾಳು ನಾಲಿಗೆಗೆ ಸಿಗುತ್ತದೆ. ಎರಡೂ ತರಹದ್ದನ್ನು ಒಂದೇ ಬಟ್ಟಲಿಗೆ ಹಾಕಿ ಮೇಲಿನ ಅಜ್ಜಿಗೆ ಕೊಟ್ಟೆ. ಬೇರೆ ಮಾಡಿ ಹೇಳಲು ಅವರಿಗೆ ಆಗಲಿಲ್ಲ. ಆ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಎರಡು ಚಮಚದ ನಡುವೆ ತಿರುವಿ ತಿರುವಿ ಉದ್ದುದ್ದ ಮಾಡಿ, ಅಗಲ ಪಾತ್ರೆಯ ಉಪ್ಪು ನೀರಿಗೆ ಬಿಡುತ್ತೇನೆ. ಕೈಯಲ್ಲಿ ಒತ್ತುವುದು ಬೇಡ. ಒಂದು ಮೊಟ್ಟೆಗೆ ಹನ್ನೆರಡರ ತನಕ ಆಗುತ್ತವೆ, ಎರಡರಷ್ಟು ಊದುತ್ತವೆ, ಹಾಗಾಗಿ ಜಾಗ ಬೇಕು. ನೀರು ಕುದಿಯಬಾರದು, ನಡುಗುತ್ತಿರಬೇಕು ಅಷ್ಟೇ. ಹತ್ತು ನಿಮಿಷ. ಆಮೇಲೆ ಅರ್ಧ ಲೋಟ ತಣ್ಣೀರು ಸುರಿದು, ಒಲೆ ಆರಿಸಿ, ಮುಚ್ಚಳ ಮುಚ್ಚಿ ಇಪ್ಪತ್ತು ನಿಮಿಷ ಮರೆತುಬಿಡಿ. ಒಳಗಿನ ಕಲ್ಲು ಕರಗುವುದು ಈ ಇಪ್ಪತ್ತು ನಿಮಿಷದಲ್ಲಿ. ಬೆಂದಾಯಿತು ಅಂತ ತಕ್ಷಣ ಎತ್ತುತ್ತಿದ್ದೆ ನಾನು, ಅದೇ ತಪ್ಪು. ಕಡುಬು, ಇಡ್ಲಿಯನ್ನು ಇಳಿಸಿದ ಮೇಲೆ ಸ್ವಲ್ಪ ಹೊತ್ತು ಹಾಗೇ ಬಿಡುವ ನಮಗೆ ಇದು ಹೊಳೆಯಬೇಕಿತ್ತು.

ಆ ಉಪ್ಪು ನೀರಿಗೆ ಇನ್ನೂ ಒಂದು ವಸ್ತು ಹಾಕುತ್ತೇನೆ. ಅದನ್ನು ಇಲ್ಲಿ ಬರೆಯಲಾರೆ. ಅಜ್ಜಿಗೆ ಮಾತು ಕೊಟ್ಟಿದ್ದೇನೆ.

ನಡುವೆ ಬೇರೆ ಪ್ರಯೋಗಗಳೂ ಆದವು. ಇಡ್ಲಿ ರವೆಯಲ್ಲಿ ಮಾಡಿದೆ, ನೀರಿಗೆ ಬಿದ್ದ ಕೂಡಲೇ ಮರಳಿನ ಹಾಗೆ ಚದುರಿತು. ಅಕ್ಕಿಯಲ್ಲಿ ಗೋಧಿಯ ಅಂಟು ಎಲ್ಲಿದೆ. ಬೆಣ್ಣೆ ಬದಲು ತುಪ್ಪ ಹಾಕಿದರೆ ಪುಡಿಪುಡಿ. ತುಪ್ಪದಲ್ಲಿ ನೀರಿನ ಅಂಶ ಇಲ್ಲವಲ್ಲ, ಒಂದು ಚಮಚ ಹಾಲು ಸೇರಿಸಿದ ಮೇಲೆ ಸರಿಹೋಯಿತು. ಸೂಪು ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಮೇಲೆ ಹೆಪ್ಪುಗಟ್ಟುವ ಕೋಳಿ ಕೊಬ್ಬನ್ನು ಅರ್ಧ ಬೆಣ್ಣೆಯ ಜೊತೆ ಹಾಕಿ ನೋಡಿ, ರುಚಿಯೇ ಬೇರೆ. ಪೂರ್ತಿ ಕೊಬ್ಬೇ ಹಾಕಿದರೆ ಕಡೆದರೂ ನೊರೆ ಬರುವುದಿಲ್ಲ. ಕೊತ್ತಂಬರಿ ಹೊಂದಲಿಲ್ಲ. ಸಬ್ಬಸಿಗೆ ಸೊಪ್ಪು ಸಣ್ಣಗೆ ಹೆಚ್ಚಿ ಹಿಟ್ಟಿಗೆ ಸೇರಿಸಿದ್ದು ಮಾತ್ರ ಎಲ್ಲಕ್ಕಿಂತ ಗೆದ್ದಿತು. ಜರ್ಮನಿಯವರಿಗೂ ಸಬ್ಬಸಿಗೆ ಇಷ್ಟ, ನಮಗೂ ಇಷ್ಟ. ಈಗ ನಮ್ಮನೆಯಲ್ಲಿ ಸಬ್ಬಸಿಗೆ ಇಲ್ಲದೆ ನೋಕರ್ಲ್ ಇಲ್ಲ.

ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಮಂಡ್ಯದಲ್ಲೂ ಮಾಡಿದೆ. ಲೇಯರ್ ಕೋಳಿ ಒಂದಕ್ಕೆ 250 ರೂಪಾಯಿ ಕೊಟ್ಟ ನೆನಪು. ಸೆಲರಿ ಗಡ್ಡೆ ಸಿಗಲಿಲ್ಲ, ಬಿಟ್ಟೆ. ಮನೆಯಲ್ಲೇ ಕಡೆದ ಬೆಣ್ಣೆ ಹಾಕಿದೆ. ಅದರಲ್ಲಿ ಮಜ್ಜಿಗೆ ನೀರು ಜಾಸ್ತಿ, ಹಿಟ್ಟು ನೀರಾಯಿತು. ಎರಡು ಚಮಚ ರವೆ ಮೇಲೆ ಹಾಕಿದೆ, ನಿಂತಿತು. ಅಲ್ಲಿ ಮಾಡುವವರು ಬೆಣ್ಣೆಯನ್ನು ಬಟ್ಟೆಯಲ್ಲಿ ಕಟ್ಟಿ ಒಂದು ಗಂಟೆ ತೂಗುಹಾಕಿ.

ಮ್ಯೂನಿಕ್‌ನಲ್ಲಿ ಆ ಏಳನೇ ಭಾನುವಾರ ಅತ್ತೆ ಮೊದಲು ಬರೀ ತಿಳಿ ಕುಡಿದರು. ಆಮೇಲೆ ಒಂದು ನೋಕರ್ಲನ್ನು ಚಮಚದಲ್ಲಿ ಎರಡು ಹೋಳು ಮಾಡಿ ಒಳಗೆ ನೋಡಿದರು. ಏನೂ ಹೇಳಲಿಲ್ಲ. ತಿಂದು ಬಟ್ಟಲು ಮುಂದೆ ಮಾಡಿದರು: "ಇನ್ನೆರಡು ಬಿಡವ್ವಾ, ಮೆಣಸಿನ ಪುಡಿ ಇದ್ರೆ ಕೊಡು." ಉಳಿದ ಮಾಂಸವನ್ನು ಸಂಜೆ ಅವರೇ ಕರಿಬೇವು, ಕಾಳುಮೆಣಸು ಹಾಕಿ ಹುರಿದರು. ಹಳೇ ಕೋಳಿ ಮಾಂಸ ನಾರು, ಅದಕ್ಕೆ ಅದೇ ಸರಿಯಾದ ದಾರಿ. ಈಗ ವಾರಕ್ಕೊಮ್ಮೆ ಫೋನ್ ಮಾಡಿದಾಗ ಕೇಳುತ್ತಾರೆ, ಮಗುವಿಗೆ ಶೀತ ಆದರೆ ಆ ಉಂಡೆ ಸೂಪು ಮಾಡಿಕೊಟ್ಟೆಯಾ ಅಂತ. ಮಾಡಿಕೊಡುತ್ತೇನೆ. ತಿಳಿಯನ್ನು ಡಬ್ಬಿಗಳಲ್ಲಿ ಫ್ರೀಜರ್‌ಗೆ ಹಾಕಿಟ್ಟಿರುತ್ತೇನೆ, ನೋಕರ್ಲನ್ನು ಮಾತ್ರ ಆಗಿಂದಾಗ್ಗೆ ಹೊಸದಾಗಿ ಮಾಡುತ್ತೇನೆ.