ಹುಲ್ಲುಹಾಸಿನ ಸ್ಪ್ರಿಂಕ್ಲರ್‌ಗೆ ಯಾವ ತಂತಿ ಹಾಕಬೇಕು

ಮನೆಯಂಗಳದ ಹುಲ್ಲುಹಾಸಿಗೆ ಸ್ವಯಂಚಾಲಿತ ಸ್ಪ್ರಿಂಕ್ಲರ್ ಹಾಕಿಸುವವರು ಪೈಪು, ನಳಿಕೆಗಳ ಬಗ್ಗೆ ಸಾಕಷ್ಟು ವಿಚಾರಿಸುತ್ತಾರೆ. ತಂತಿಯ ಆಯ್ಕೆಯನ್ನು ಮಾತ್ರ ಎಲೆಕ್ಟ್ರಿಷಿಯನ್‌ಗೆ ಬಿಟ್ಟುಬಿಡುತ್ತಾರೆ. ಅವರು ಮನೆಯ ವೈರಿಂಗ್‌ನಲ್ಲಿ ಉಳಿದ ತಂತಿಯನ್ನೇ ಮಣ್ಣಿಗಿಳಿಸಿದರೆ ಕೆಲವು ಮಳೆಗಾಲಗಳು ಕಳೆಯುವಷ್ಟರಲ್ಲಿ ತೊಂದರೆ ಶುರುವಾಗುವುದು ಬಹುಮಟ್ಟಿಗೆ ಖಚಿತ.

ಗೋಡೆಗೆ ಹಾಕುವ ಸಾಮಾನ್ಯ ಕಂಟ್ರೋಲರ್ (ಹೊತ್ತಿಗೆ ಸರಿಯಾಗಿ ನೀರು ಬಿಡಿಸುವ ಪೆಟ್ಟಿಗೆ), ಮನೆಯ 230 ವೋಲ್ಟ್ ವಿದ್ಯುತ್ತನ್ನು ಟ್ರಾನ್ಸ್‌ಫಾರ್ಮರ್ ಮೂಲಕ 24 ವೋಲ್ಟ್ ಎಸಿಗೆ ಇಳಿಸಿ ಸೋಲನಾಯ್ಡ್ ವಾಲ್ವ್‌ಗಳಿಗೆ, ಅಂದರೆ ವಿದ್ಯುತ್ ಸುರುಳಿಯ ಸೆಳೆತದಿಂದ ತೆರೆಯುವ ನೀರಿನ ವಾಲ್ವ್‌ಗಳಿಗೆ, ಕಳಿಸುತ್ತದೆ. ವಾಲ್ವ್ ತೆರೆಯುವ ಕ್ಷಣದಲ್ಲಿ ಸುಮಾರು 0.4 ಆಂಪಿಯರ್, ತೆರೆದಿರುವಷ್ಟು ಹೊತ್ತು ಅದರ ಅರ್ಧದಷ್ಟು ವಿದ್ಯುತ್ ಹರಿಯುತ್ತದೆ. ಬ್ಯಾಟರಿಯಿಂದ ನಡೆಯುವ ಕಂಟ್ರೋಲರ್‌ಗಳ ಸೋಲನಾಯ್ಡ್ ಬೇರೆಯೇ ಜಾತಿಯದು. ಅದು ಡಿಸಿಯಲ್ಲಿ ಕೆಲಸ ಮಾಡುವುದರಿಂದ ತಂತಿ ಕೊಳ್ಳುವ ಮೊದಲು ಅದರ ಮೇಲಿನ ಚೀಟಿಯನ್ನು ಓದಿಕೊಳ್ಳಬೇಕು.

ಪ್ರತಿ ವಾಲ್ವ್‌ಗೆ ಒಂದು ಎಳೆ, ಎಲ್ಲ ವಾಲ್ವ್‌ಗಳಿಗೂ ಸೇರಿ ಒಂದು ಕಾಮನ್ ಎಳೆ ಬೇಕು. ನಾಲ್ಕು ವಾಲ್ವ್‌ಗಳಿದ್ದರೆ ಲೆಕ್ಕಕ್ಕೆ ಐದು ಕೋರ್ (ಎಳೆ) ಸಾಕು. ಆದರೂ ಏಳು ಕೋರ್ ಕೇಬಲ್ ಕೊಳ್ಳುವುದೇ ಜಾಣತನ. ಒಳಗೆ ಒಂದು ಎಳೆ ತುಂಡಾದರೆ ಅಥವಾ ಮುಂದೆ ಹೂಗಿಡಗಳ ಸಾಲಿಗೆ ಇನ್ನೊಂದು ವಾಲ್ವ್ ಸೇರಿಸಬೇಕೆನಿಸಿದರೆ ಬೆಳೆದ ಹುಲ್ಲನ್ನು ಅಗೆಯುವ ಗೋಜು ಇರುವುದಿಲ್ಲ.

ದಪ್ಪದ ಬಗ್ಗೆ ಅತಿಯಾಗಿ ಯೋಚಿಸಬೇಕಿಲ್ಲ. ಒಂದು ಚದರ ಮಿಲಿಮೀಟರ್ ತಾಮ್ರದ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 20 ಓಮ್. ವಾಲ್ವ್ 40 ಮೀಟರ್ ದೂರದಲ್ಲಿದ್ದರೆ ಹೋಗಿಬರುವ ದಾರಿ 80 ಮೀಟರ್, ರೋಧ 1.6 ಓಮ್, ಕಳೆದುಹೋಗುವ ವೋಲ್ಟೇಜ್ ಮುಕ್ಕಾಲು ವೋಲ್ಟಿಗೂ ಕಡಿಮೆ. ನಿವೇಶನ ದೊಡ್ಡದಾಗಿ ದೂರ 150 ಮೀಟರ್ ಆಯಿತೆಂದರೆ ನಷ್ಟ 2.4 ವೋಲ್ಟ್‌ಗೆ ಏರುತ್ತದೆ. ಅಂತಹ ಕಡೆ 1.5 ಚದರ ಮಿಲಿಮೀಟರ್ ಆರಿಸಬೇಕು.

ನಿಜವಾದ ಹಣ ಖರ್ಚಾಗಬೇಕಾದದ್ದು ಹೊದಿಕೆಯ ಮೇಲೆ. ಗೋಡೆಯೊಳಗಿನ ಪೈಪಿಗೆಂದು ತಯಾರಾದ ಪಿವಿಸಿ ಹೊದಿಕೆಯ ಒಂಟಿ ತಂತಿ ನೇರವಾಗಿ ಮಣ್ಣಿನಲ್ಲಿ ಹೂಳಲು ತಕ್ಕದ್ದಲ್ಲ. ಗುದ್ದಲಿಯ ಏಟು, ಹೆಗ್ಗಣದ ಹಲ್ಲು, ಸದಾ ಹಸಿಯಾಗಿರುವ ಮಣ್ಣು, ಈ ಮೂರನ್ನೂ ಅದು ತಾಳಲಾರದು. ನೆಲದಲ್ಲಿ ಹೂಳಲೆಂದೇ ತಯಾರಾದ, ಪಾಲಿಥೀನ್ ಹೊದಿಕೆಯ ನೀರಾವರಿ ಕೇಬಲ್ ಸಿಕ್ಕರೆ ಅದೇ ಉತ್ತಮ. ಸಿಗದಿದ್ದಲ್ಲಿ ಉಕ್ಕಿನ ಕವಚವಿರುವ ಆರ್ಮರ್ಡ್ ಕಂಟ್ರೋಲ್ ಕೇಬಲ್ ಬಳಸಬಹುದು. ಸಾಧಾರಣ ಮಲ್ಟಿಕೋರ್ ಕೇಬಲನ್ನೇ ಬಳಸುವುದಾದರೆ ಕಾಂಡ್ಯೂಟ್ ಪೈಪಿನಲ್ಲಿ ಎಳೆಯಬೇಕು. ಆದರೆ ಆ ಪೈಪಿನೊಳಗೂ ನೀರು ಸೇರುತ್ತದೆಂದು ತಿಳಿದೇ, ಅದರೊಳಗೆ ಎಲ್ಲಿಯೂ ಜಾಯಿಂಟ್ ಮಾಡಬಾರದು. ಸುಮಾರು ಒಂದು ಅಡಿ ಆಳದಲ್ಲಿ, ನೀರಿನ ಪೈಪಿನ ಕೆಳಮಗ್ಗುಲಿಗೆ ಕೇಬಲ್ ಹಾಸಿದರೆ ಗುದ್ದಲಿ ಮೊದಲು ತಗಲುವುದು ಪೈಪಿಗೆ. ತಿರುವುಗಳಲ್ಲಿ ಬಿಗಿಯಾಗಿ ಎಳೆಯದೆ ಸ್ವಲ್ಪ ಸಡಿಲ ಬಿಡಬೇಕು.

ಕೇಬಲ್ ಎಷ್ಟೇ ಒಳ್ಳೆಯದಿರಲಿ, ಜಾಯಿಂಟ್ ಕೆಟ್ಟರೆ ಎಲ್ಲವೂ ಕೆಟ್ಟಂತೆ. ಇನ್ಸುಲೇಷನ್ ಟೇಪಿನ ಅಂಟು ಹಸಿಮಣ್ಣಿನಲ್ಲಿ ಬಿಟ್ಟುಕೊಳ್ಳುತ್ತದೆ, ತಾಮ್ರಕ್ಕೆ ಹಸಿರು ಕಿಲುಬು ಹತ್ತುತ್ತದೆ, ನೀರು ಎಳೆಗಳ ಸಂದಿಯಲ್ಲಿ ಹೊದಿಕೆಯೊಳಕ್ಕೂ ಏರುತ್ತದೆ. ಆಗ ವಾಲ್ವ್ ಒಂದು ದಿನ ತೆರೆದರೆ ಮರುದಿನ ತೆರೆಯುವುದಿಲ್ಲ. ಮನೆಯವರು ವಾಲ್ವ್ ಹಾಳಾಗಿದೆಯೆಂದು ಹೊಸದನ್ನು ತರುತ್ತಾರೆ. ಆದ್ದರಿಂದ ಪ್ರತಿ ಜಾಯಿಂಟ್‌ಗೂ ಜೆಲ್ ತುಂಬಿದ ಜಲನಿರೋಧಕ ಕನೆಕ್ಟರ್ ಹಾಕಿ, ಅದನ್ನು ವಾಲ್ವ್ ಪೆಟ್ಟಿಗೆಯೊಳಗೇ ಇಡಬೇಕು. ಪೆಟ್ಟಿಗೆಯ ತಳಕ್ಕೆ ಜಲ್ಲಿ ಹಾಕಿದರೆ ನೀರು ನಿಲ್ಲುವುದಿಲ್ಲ. ಅಲ್ಲಿ ಎರಡು ಅಡಿಯಷ್ಟು ಕೇಬಲನ್ನು ಸುತ್ತಿಟ್ಟಿದ್ದರೆ ಮುಂದಿನ ರಿಪೇರಿಗೆ ಕೈಗೆಟುಕುತ್ತದೆ.

ಸಂಪಿನ ಪಂಪನ್ನೂ ಇದೇ ಕಂಟ್ರೋಲರ್‌ನಿಂದ ನಡೆಸುವುದಾದರೆ ನಡುವೆ ರಿಲೇ (ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್) ಅತ್ಯಗತ್ಯ: ಕಂಟ್ರೋಲರ್‌ನ 24 ವೋಲ್ಟ್ ವಿದ್ಯುತ್ ರಿಲೇಯನ್ನು ಚಾಲೂ ಮಾಡುತ್ತದೆ, ರಿಲೇ ಪಂಪಿಗೆ 230 ವೋಲ್ಟ್ ಕೊಡುತ್ತದೆ. ಪಂಪಿನ ಕೇಬಲ್ ವಾಲ್ವ್ ತಂತಿಯೊಂದಿಗೆ ಒಂದೇ ಪೈಪಿನಲ್ಲಿ ಹೋಗಕೂಡದು. ಪಂಪಿನ ಸರ್ಕ್ಯೂಟ್‌ಗೆ ಅರ್ತಿಂಗ್ ಮತ್ತು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್) ಇರಲೇಬೇಕು, ಮತ್ತು ಆ ಕೆಲಸವನ್ನು ಪರವಾನಗಿ ಇರುವವರೇ ಮಾಡಬೇಕು.

ಗುಂಡಿ ಮುಚ್ಚುವ ಮೊದಲು ತಂತಿಗಳನ್ನು ಕಂಟ್ರೋಲರ್‌ನಿಂದ ಬಿಡಿಸಿ, ಕಾಮನ್ ಮತ್ತು ಒಂದೊಂದೇ ವಾಲ್ವ್‌ನ ಎಳೆಯ ನಡುವಿನ ರೋಧವನ್ನು ಮಲ್ಟಿಮೀಟರ್‌ನಲ್ಲಿ ನೋಡಬೇಕು. ಸಾಮಾನ್ಯವಾಗಿ 20ರಿಂದ 60 ಓಮ್ ಒಳಗೆ ಬರುತ್ತದೆ. ಶೂನ್ಯಕ್ಕೆ ಹತ್ತಿರವಾದರೆ ಶಾರ್ಟ್, ಏನೂ ತೋರದಿದ್ದರೆ ಎಲ್ಲೋ ತುಂಡಾಗಿದೆ. ಸರಿಯಿದ್ದಾಗಿನ ಅಂಕಿಗಳನ್ನೂ ಯಾವ ಬಣ್ಣದ ಎಳೆ ಯಾವ ವಾಲ್ವ್‌ಗೆ ಹೋಗಿದೆ ಎಂಬುದನ್ನೂ ಬರೆದು ಕಂಟ್ರೋಲರ್ ಮುಚ್ಚಳದ ಒಳಬದಿಗೆ ಅಂಟಿಸಬೇಕು.