ಸೌದೆಗೆ ಚೈನ್ ಸಾ: ಕಡಿಮೆ ದುಡ್ಡಿನಲ್ಲಿ ಸರಿಯಾದ್ದನ್ನು ಆರಿಸುವುದು ಹೇಗೆ?

ಮೇ ಕೊನೆಗೆ ಬರುವ ಪತ್ತನಾಜೆಗೆ ಮೊದಲು ಸೌದೆ ಕೊಟ್ಟಿಗೆ ಸೇರಬೇಕು ಎನ್ನುವುದು ನಮ್ಮ ಕಡೆಯ ಲೆಕ್ಕ. ಹಾಗಾಗಿ ಮಾರ್ಚ್, ಏಪ್ರಿಲ್ ಬಂತೆಂದರೆ ಕಾಸರಗೋಡಿನ ಕುಂಬಳೆಯಿಂದ ಪೆರ್ಲದವರೆಗೆ ಎಲ್ಲಿ ಹೋದರೂ ಮರ ಕೊಯ್ಯುವ ಮೆಷಿನ್ ಸದ್ದು. ಮೆಷಿನ್‌ನವರು ಕರೆದ ದಿನ ಸಿಗುವುದಿಲ್ಲ. ‘ನಮ್ಮದೇ ಒಂದು ಇರಲಿ’ ಎಂದು ಕೊಳ್ಳುವವರು ಈಗ ಜಾಸ್ತಿ. ಆದರೆ ಹೀಗೆ ಕೊಂಡ ಎಷ್ಟೋ ಮೆಷಿನ್‌ಗಳು ಎರಡನೇ ಮಳೆಗಾಲ ಕಳೆಯುವಷ್ಟರಲ್ಲಿ ಅಟ್ಟ ಸೇರುತ್ತವೆ. ಬಾರ್ (ಚೈನ್ ಸುತ್ತುವ ಉದ್ದದ ಪಟ್ಟಿ) ಎಷ್ಟು ಉದ್ದ, ಎಂಜಿನ್ ಎಷ್ಟು ಸಿಸಿ, ರೇಟು ಎಷ್ಟು ಎಂದು ಮಾತ್ರ ನೋಡಿ ತರುತ್ತಾರೆ. ಚೈನ್ ಯಾವುದು, ಅದನ್ನು ಹರಿತ ಮಾಡುವವರು ಯಾರು, ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಕೇಳುವುದೇ ಇಲ್ಲ.

ಮೊದಲ ಹೆಜ್ಜೆ: ಬೇಕೋ ಬೇಡವೋ?

ಬಚ್ಚಲ ಹಂಡೆಗೆ ಮಾತ್ರ ಬೆಂಕಿ ಹಾಕುವ ಮನೆಗೆ ಚೈನ್ ಸಾ ಬೇಡ. ಕೊತ್ತಳಿಗೆ, ಗೆರಟೆ, ಬಿದ್ದ ಗೆಲ್ಲು ಸಾಕು. ವರ್ಷಕ್ಕೊಂದು ಮರ ಕೊಯ್ಯಲಿಕ್ಕಿದ್ದರೆ ಬಾಡಿಗೆಗೆ ಕರೆಸುವುದೇ ಅಗ್ಗ. ರಬ್ಬರ್ ಶೀಟಿಗೆ ಹೊಗೆ ಹಾಕುವವರು, ಕೊಬ್ಬರಿ ಗೂಡು ಇರುವವರು, ಪ್ರತಿ ಮಳೆಗಾಲ ಮರ ಬೀಳುವ ಗೇರು ಗುಡ್ಡ ಇರುವವರು ಕೊಳ್ಳಬಹುದು. ಕೊಳ್ಳುವ ಮುಂಚೆ ಕೃಷಿ ಭವನಕ್ಕೊಮ್ಮೆ ಹೋಗಿ. ಕೃಷಿ ಯಂತ್ರಗಳಿಗೆ ಕೇಂದ್ರ ಸರಕಾರದ ‘ಸ್ಮಾಮ್’ ಯೋಜನೆಯ ಸಹಾಯಧನ ಇದೆ. ಈ ವರ್ಷ ಚೈನ್ ಸಾ ಪಟ್ಟಿಯಲ್ಲಿದೆಯಾ ಎಂದು ಕೇಳಿ. ಅರ್ಜಿ ಮೊದಲು, ಖರೀದಿ ಆಮೇಲೆ.

ಎರಡನೇ ಹೆಜ್ಜೆ: ಕರೆಂಟಾ, ಬ್ಯಾಟರಿಯಾ, ಪೆಟ್ರೋಲಾ?

ಮರವನ್ನು ಅಂಗಳಕ್ಕೇ ತಂದು ಹಾಕಿಸಿ ತುಂಡು ಮಾಡುವವರು ಕರೆಂಟಿನದ್ದನ್ನೇ ತೆಗೆದುಕೊಳ್ಳಿ. ಬೆಲೆ ಕಡಿಮೆ, ಕಾರ್ಬುರೇಟರ್ ಕಿರಿಕಿರಿ ಇಲ್ಲ. 2000 ವ್ಯಾಟ್ ಮೆಷಿನ್ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಆದ್ದರಿಂದ 16 ಆಂಪಿಯರಿನ ಪವರ್ ಪ್ಲಗ್, 2.5 ಚದರ ಮಿ.ಮೀ. ವಯರ್ ಬೇಕು. ತೆಳ್ಳಗಿನ ವಯರನ್ನು ತೋಟದವರೆಗೆ ಎಳೆದರೆ ವೋಲ್ಟೇಜ್ ಇಳಿದು ಮೋಟಾರು ಸುಡುತ್ತದೆ. ಇಎಲ್‌ಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇಲ್ಲದ ಮನೆಯಲ್ಲಿ, ಒದ್ದೆ ನೆಲದಲ್ಲಿ ಬೇಡವೇ ಬೇಡ.

ಪುಟ್ಟ ಬ್ಯಾಟರಿ ಗರಗಸಗಳ ಮೇಲೆ 48 ವೋಲ್ಟ್, 88 ವೋಲ್ಟ್ ಎಂದೆಲ್ಲ ಬರೆದಿರುತ್ತದೆ. ಒಳಗೆ ಐದು ಲಿಥಿಯಂ ಸೆಲ್ ಸಾಲಾಗಿ ಜೋಡಿಸಿದ್ದರೆ ಪೂರ್ತಿ ಚಾರ್ಜಿನಲ್ಲೂ 21 ವೋಲ್ಟ್ ದಾಟುವುದಿಲ್ಲ. ಕೊಕ್ಕೋ ಗೆಲ್ಲು ಸವರಲು ಅದು ಒಳ್ಳೆಯದು. ಸೌದೆಗೆ ಅಲ್ಲ.

ಗುಡ್ಡದಲ್ಲಿ ಕೊಯ್ಯುವವರಿಗೆ ಪೆಟ್ರೋಲಿನದ್ದೇ ಆಗಬೇಕು. ಮುಂದಿನ ಮಾತೆಲ್ಲ ಅದರ ಬಗ್ಗೆ.

ಮೂರನೇ ಹೆಜ್ಜೆ: ಎಂಜಿನ್ ಮತ್ತು ಬಾರ್

ಅಂಗಡಿಯಲ್ಲಿ ಮೊದಲು ಕೈಗೆ ಕೊಡುವುದು 58 ಸಿಸಿ, 22 ಇಂಚು ಬಾರ್‌ನ ಹೆಸರಿಲ್ಲದ ಮೆಷಿನ್. ಸುಮಾರು 6,000ದಿಂದ 8,000 ರೂಪಾಯಿ. ಹೆಸರಿರುವ ಕಂಪನಿಯ 30ರಿಂದ 40 ಸಿಸಿಯ ಚಿಕ್ಕ ಮೆಷಿನ್‌ಗೆ ಅದರ ಎರಡು ಮೂರು ಪಟ್ಟು ಬೆಲೆ. ‘ಅರ್ಧ ದುಡ್ಡಿಗೆ ದೊಡ್ಡದು ಸಿಗುವಾಗ ಇದು ಯಾಕೆ?’ ಎಂದು ಎಲ್ಲರೂ ಕೇಳುತ್ತಾರೆ.

ನಿಮ್ಮ ಸೌದೆಯ ದಪ್ಪ ಒಮ್ಮೆ ಅಳೆದು ನೋಡಿ. ರಬ್ಬರ್, ಅಕೇಶಿಯಾ, ಗೇರಿನ ಗೆಲ್ಲು ಹೆಚ್ಚಾಗಿ ಒಂದಡಿಯೊಳಗೇ ಇರುತ್ತವೆ. 16 ಇಂಚಿನ ಬಾರ್ ಧಾರಾಳ ಆಯಿತು. ಹಲಸಿನ ಬೊಡ್ಡೆ ಬಂದರೆ ಎರಡೂ ಬದಿಯಿಂದ ಕೊಯ್ಯಬಹುದು. ಉದ್ದದ ಬಾರ್‌ನಲ್ಲಿ ಎಂಜಿನ್‌ಗೆ ಎಳೆಯಲು ಚೈನ್ ಜಾಸ್ತಿ, ನಿಮಗೆ ಅರ ಹಾಕಲು ಹಲ್ಲು ಜಾಸ್ತಿ. ತುದಿ ಕಣ್ಣಿಗೆ ಕಾಣದ ಕಡೆ ಹೋಗಿ ಪಕ್ಕದ ಕೊರಡಿಗೋ ಮುರಕಲ್ಲಿಗೋ ತಾಗುತ್ತದೆ. ಮುರಕಲ್ಲಿಗೆ ಒಂದು ಸಲ ತಾಗಿದರೆ ಸಾಕು, ಚೈನಿನ ಹರಿತ ಹೋಯಿತು.

ಸ್ಟಿಕ್ಕರಿನ ಸಿಸಿಯನ್ನೂ ಸುಮ್ನೆ ನಂಬಬೇಡಿ. ಜೊತೆಗೆ ಬರುವ ಪುಸ್ತಕದಲ್ಲಿ ಬೋರ್ (ಸಿಲಿಂಡರಿನ ಒಳ ಅಗಲ), ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಬರೆದಿರುತ್ತದೆ. ಎರಡನ್ನೂ ಸೆಂಟಿಮೀಟರಿಗೆ ತಂದು, ಬೋರ್ × ಬೋರ್ × ಸ್ಟ್ರೋಕ್ × 0.785 ಮಾಡಿ. ಬೋರ್ 4.5, ಸ್ಟ್ರೋಕ್ 3.4 ಇದ್ದರೆ ಬರುವುದು 54 ಸಿಸಿ. ಸ್ಟಿಕ್ಕರ್ 58 ಎಂದರೂ ಅದು 54ರ ಎಂಜಿನ್.

ಸ್ಟಿಲ್ ಕಂಪನಿಯ ಎಂಎಸ್ 180ರಲ್ಲಿ ಇರುವುದು 31.8 ಸಿಸಿ ಮಾತ್ರ. ಬಾರ್, ಚೈನ್ ಬಿಟ್ಟು ತೂಕ ನಾಲ್ಕು ಕಿಲೋದ ಹತ್ತಿರ. ಮನೆಯ ಸೌದೆಗೆ ಆ ಅಳತೆಯ ಮೆಷಿನ್ ಸಾಕು ಎಂದೇ ನಾನು ಹೇಳುವುದು. ಅಷ್ಟು ದುಡ್ಡಿಲ್ಲ ಎಂದಾದರೆ ಅಗ್ಗದ್ದನ್ನೇ ಕೊಳ್ಳಿ, ಅದೇನೂ ಪಾಪವಲ್ಲ. ಈ 52, 58 ಸಿಸಿ ಮೆಷಿನ್‌ಗಳು ಹೆಚ್ಚಾಗಿ ಒಂದೇ ಅಚ್ಚಿನವು, ಒಂದರ ಬಿಡಿಭಾಗ ಇನ್ನೊಂದಕ್ಕೆ ಆಗುತ್ತದೆ. ಆದರೆ 22 ಇಂಚಿನ ಬಾರ್ ಬೇಡ, 18ರದ್ದು ಹಾಕಿಸಿಕೊಳ್ಳಿ.

ನಾಲ್ಕನೇ ಹೆಜ್ಜೆ: ಚೈನ್

ಜನ ಸೋಲುವುದು ಇಲ್ಲಿ. ಮರ ಕೊಯ್ಯುವುದು ಚೈನಿನ ಹಲ್ಲು, ಎಂಜಿನ್ ಅದನ್ನು ಓಡಿಸುತ್ತದೆ ಅಷ್ಟೇ. ಈಗಿನ ಬಾಗಿದ ಹಲ್ಲಿನ ಚೈನ್ ಬಂದದ್ದು 1940ರ ದಶಕದಲ್ಲಿ. ಅಮೆರಿಕದ ಆರೆಗನ್‌ನ ಜೋಸೆಫ್ ಕಾಕ್ಸ್ ಎಂಬವರು ಮರ ಕೊರೆಯುವ ಹುಳದ ದವಡೆ ನೋಡಿ ಅದನ್ನು ರೂಪಿಸಿದರು. ಹರಿತ ಇರುವ ಹಲ್ಲು ಮರವನ್ನು ಚಿಕ್ಕ ಚಿಕ್ಕ ಚಕ್ಕೆಯಾಗಿ ಎತ್ತುತ್ತದೆ. ಚಕ್ಕೆಯ ಬದಲು ಹಿಟ್ಟಿನಂಥ ಹುಡಿ ಬೀಳುತ್ತಿದ್ದರೆ, ಮೆಷಿನನ್ನು ಒತ್ತಿ ಹಿಡಿದರೆ ಮಾತ್ರ ಮರ ಕೊಯ್ಯುತ್ತಿದ್ದರೆ, ಚೈನ್ ಮೊಂಡಾಗಿದೆ. ಅಲ್ಲೇ ನಿಲ್ಲಿಸಿ. ಒತ್ತಿ ಒತ್ತಿ ಕೊಯ್ದರೆ ಬಾರ್ ಕಾದು ಸವೆಯುತ್ತದೆ, ಕ್ಲಚ್ ಸುಡುತ್ತದೆ, ನಿಮ್ಮ ಸೊಂಟವೂ ಹೋಗುತ್ತದೆ.

ಚೈನ್‌ಗೆ ಮೂರು ಸಂಖ್ಯೆ: ಪಿಚ್, ಗೇಜ್, ಕೊಂಡಿಗಳ ಲೆಕ್ಕ. ಬಾರ್‌ನ ಬುಡದಲ್ಲಿ ಇವನ್ನು ಕೊರೆದಿರುತ್ತಾರೆ. ಪಿಚ್ ಎಂದರೆ ಸಾಲಾಗಿರುವ ಮೂರು ರಿವೆಟ್‌ಗಳ ಅಂತರದ ಅರ್ಧ, ಗೇಜ್ ಎಂದರೆ ಬಾರ್‌ನ ಸಂದಿನಲ್ಲಿ ಓಡುವ ಕೊಂಡಿಯ ದಪ್ಪ, ಎರಡೂ ಇಂಚಿನಲ್ಲಿ. ಲೆಕ್ಕ ಹಾಕುವುದೂ ಸಂದಿನಲ್ಲಿ ಓಡುವ ಆ ಕೊಂಡಿಗಳನ್ನೇ. ಅಗ್ಗದ 20 ಇಂಚಿನ ಬಾರ್‌ಗಳಲ್ಲಿ ಸಾಮಾನ್ಯವಾಗಿ 0.325, 0.058, 76 ಎಂದಿರುತ್ತದೆ. ‘20 ಇಂಚಿನ ಚೈನ್ ಕೊಡಿ’ ಎಂದು ಕೇಳಿ ತಂದರೆ ಗೇಜ್ ಬೇರೆಯಾಗಿ ಸಂದಿಗೆ ಇಳಿಯುವುದಿಲ್ಲ, ಇಳಿದರೂ ಅಲ್ಲಾಡುತ್ತದೆ. ಮೂರೂ ಸಂಖ್ಯೆಯ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ. ಕೊಳ್ಳುವ ದಿನವೇ ‘ಇದರ ಇನ್ನೊಂದು ಚೈನ್ ಕೊಡಿ’ ಎಂದು ಕೇಳಿ. ಇಲ್ಲ ಎಂದರೆ ಆ ಮೆಷಿನ್ ಬೇಡ. ಎಷ್ಟೇ ರಿಯಾಯಿತಿ ಕೊಟ್ಟರೂ ಬೇಡ.

ಉರುಟು ಅರವೂ ಚೈನಿಗೆ ಸರಿಯಾಗಿ ಇರಬೇಕು. 0.325 ಪಿಚ್‌ಗೆ 4.8 ಮಿ.ಮೀ., ಚಿಕ್ಕ ಮೆಷಿನ್‌ಗಳ ಗಿಡ್ಡ ಹಲ್ಲಿನ ಮೂರು ಬೈ ಎಂಟು ಇಂಚಿನ ಚೈನ್‌ಗೆ 4 ಮಿ.ಮೀ. ಹೆಚ್ಚಿನ ಚೈನ್‌ಗಳ ಹಲ್ಲಿಗೆ 30 ಡಿಗ್ರಿ ಓರೆ, ಅದರ ಗುರುತು ಹಲ್ಲಿನ ಮೇಲೇ ಇರುತ್ತದೆ. ಅರವನ್ನು ಒಂದೇ ದಿಕ್ಕಿಗೆ, ಒಳಗಿನಿಂದ ಹೊರಕ್ಕೆ ತಳ್ಳಿ. ಹಿಂದೆ ಮುಂದೆ ಉಜ್ಜಬೇಡಿ. ಎಲ್ಲ ಹಲ್ಲಿಗೂ ಅಷ್ಟೇ ಸಲ, ಎಡದ್ದಕ್ಕೂ ಬಲದ್ದಕ್ಕೂ ಸಮ. ಒಂದು ಬದಿಗೆ ಜಾಸ್ತಿಯಾದರೆ ಕೊಯ್ತ ವಾರೆ ಹೋಗುತ್ತದೆ.

ಹಲ್ಲಿನ ಎದುರಿಗೆ ಒಂದು ಪುಟ್ಟ ದಿಂಡು ಇದೆಯಲ್ವಾ, ಅದು ಹಲ್ಲಿಗಿಂತ 0.65 ಮಿ.ಮೀ.ಯಷ್ಟು ತಗ್ಗಿರಬೇಕು. ಅಳತೆ ತಗಡು ಇಲ್ಲದೆ ಅದನ್ನು ಉಜ್ಜಬೇಡಿ. ‘ಜೋರು ಕೊಯ್ಯಲಿ’ ಎಂದು ಅದನ್ನು ಪೂರ್ತಿ ಸವೆಸುವವರಿದ್ದಾರೆ. ಆಗ ಹಲ್ಲು ಆಳಕ್ಕೆ ಕಚ್ಚಿ ಮೆಷಿನ್ ಮುಖದತ್ತ ಎಗರುತ್ತದೆ.

ಗ್ರೈಂಡರ್ ಹಿಡಿದು ಐದು ನಿಮಿಷದಲ್ಲಿ ಹರಿತ ಮಾಡಿಕೊಡುವವರ ಬಳಿ ಕೊಡಬೇಡಿ. ಹಲ್ಲು ನೀಲಿಯಾಗುವಷ್ಟು ಕಾದರೆ ಅದರ ಗಟ್ಟಿತನ ಹೋಯಿತು, ಆಮೇಲೆ ಹರಿತ ನಿಲ್ಲುವುದಿಲ್ಲ. ರಬ್ಬರ್ ಮರ ಕೊಯ್ಯುವವರು ಇನ್ನೊಂದು ನೋಡಬೇಕು. ರಬ್ಬರ್ ಹಾಲು ಹಿಡಿಯುವ ಕಪ್‌ಗೆ ಕಟ್ಟಿದ ತಂತಿ, ಬಡಿದ ತಗಡು ಮರದೊಳಗೆ ಹೂತು ಹೋಗಿರುತ್ತದೆ. ಟ್ಯಾಪಿಂಗ್ ಮಾಡಿದ (ಹಾಲಿಗೆಂದು ಗೀರಿದ) ಭಾಗವನ್ನು ಕತ್ತಿಯಿಂದ ಕೆತ್ತಿ ನೋಡದೆ ಚೈನ್ ಇಡಬೇಡಿ.

ಐದನೇ ಹೆಜ್ಜೆ: ಅಂಗಡಿಯಲ್ಲೇ ಪರೀಕ್ಷೆ

ಡಬ್ಬದಲ್ಲಿ ಕಟ್ಟಿಸಿ ತರಬೇಡಿ. ನಿಮ್ಮೆದುರೇ ಜೋಡಿಸಿ ಚಾಲೂ ಮಾಡಲಿ. ಅದಕ್ಕೆ ಮೊದಲು ಎಂಜಿನ್ ಮುಟ್ಟಿ ನೋಡಿ, ತಣ್ಣಗಿರಬೇಕು. ಬಿಸಿ ಎಂಜಿನ್ ಯಾವುದಾದರೂ ಚಾಲೂ ಆಗುತ್ತದೆ.

ಆಕ್ಸಿಲರೇಟರ್ ಬಿಟ್ಟಾಗ ಚೈನ್ ಪೂರ್ತಿ ನಿಲ್ಲಬೇಕು. ನಿಧಾನಕ್ಕೆ ತೆವಳುತ್ತಿದ್ದರೆ ಟ್ಯೂನಿಂಗ್ ಸರಿಯಿಲ್ಲ. ಓಡುತ್ತಿರುವಾಗ ಮುಂದಿನ ಬ್ರೇಕ್ ಗಾರ್ಡ್ ತಳ್ಳಲು ಹೇಳಿ, ಚೈನ್ ಅಲ್ಲೇ ನಿಲ್ಲಬೇಕು. ಬ್ರೇಕ್ ಕೆಲಸ ಮಾಡದ ಮೆಷಿನ್ ಪುಕ್ಕಟೆ ಕೊಟ್ಟರೂ ಬೇಡ. ಬಾರ್‌ನ ತುದಿಯ ಮೇಲಿನ ಅರ್ಧ ಮರಕ್ಕೆ ತಾಗಿದರೆ ಮೆಷಿನ್ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಕ್ಕೆ ಹೊಡೆಯುತ್ತದೆ. ಆಗ ನಿಮ್ಮನ್ನು ಉಳಿಸುವುದು ಆ ಬ್ರೇಕ್.

ಇನ್ನು ಆಯಿಲ್. ಬಾರ್‌ನ ತುದಿಯನ್ನು ಒಂದು ರಟ್ಟಿನ ಹತ್ತಿರ ಹಿಡಿದು, ತಾಗಿಸದೆ, ಅರ್ಧ ವೇಗದಲ್ಲಿ ಓಡಿಸಲಿ. ಸ್ವಲ್ಪ ಹೊತ್ತಿಗೆ ರಟ್ಟಿನ ಮೇಲೆ ಎಣ್ಣೆಯ ಗೆರೆ ಬೀಳಬೇಕು. ಬೀಳದಿದ್ದರೆ ಆಯಿಲ್ ಪಂಪ್ ಕೆಲಸ ಮಾಡುತ್ತಿಲ್ಲ. ಮನೆಯಲ್ಲಿ ಚೈನ್ ಆಯಿಲಿನ ಟ್ಯಾಂಕಿಗೆ ಗ್ಯಾರೇಜಿನ ಕಪ್ಪು ಆಯಿಲ್ ಹಾಕುವ ಅಭ್ಯಾಸ ನಮ್ಮ ಕಡೆ ತುಂಬಾ ಇದೆ. ಅದರಲ್ಲಿರುವ ಲೋಹದ ಹುಡಿ ಪಂಪನ್ನೂ ಬಾರನ್ನೂ ತಿನ್ನುತ್ತದೆ. ಚೈನ್ ಆಯಿಲ್ ಹಾಕಿ. ಸಿಗದಿದ್ದರೆ ಹೊಸ ಎಂಜಿನ್ ಆಯಿಲ್ ಹಾಕಿ.

ಬಿಲ್ ತಪ್ಪದೆ ತೆಗೆದುಕೊಳ್ಳಿ. ಪುತ್ತೂರು, ಮಂಗಳೂರಲ್ಲಿ ಐನೂರು ಕಡಿಮೆ ಎಂದು ಹೋಗುವವರು, ರಿಪೇರಿಗೂ ಅಲ್ಲಿಗೇ ಹೋಗಬೇಕು ಎಂಬುದನ್ನು ಲೆಕ್ಕಕ್ಕೆ ಸೇರಿಸಿ.

ಕೊನೆಯ ಹೆಜ್ಜೆ: ದುಡ್ಡಿನ ಪಾಲು

ಕೈಯಲ್ಲಿ 10,000 ಇದ್ದರೆ ಎಲ್ಲವನ್ನೂ ಮೆಷಿನ್‌ಗೇ ಸುರಿಯಬೇಡಿ. ಒಂದು ಹೆಚ್ಚಿನ ಚೈನ್, ಎರಡು ಅರ, ಕನ್ನಡಕ, ಕಿವಿ ಮುಚ್ಚುವ ಮಫ್, ಗಟ್ಟಿ ಬೂಟು ಇಷ್ಟಕ್ಕೆ ಮೊದಲು ತೆಗೆದಿಡಿ. ಇದರ ಸದ್ದು 100 ಡೆಸಿಬೆಲ್ ದಾಟುತ್ತದೆ, ಕಿವಿಗೆ ಹತ್ತಿ ಇಟ್ಟರೆ ಸಾಲದು. ಲುಂಗಿ, ಮುಂಡು ಉಟ್ಟು ಚೈನ್ ಸಾ ಹಿಡಿಯಲೇಬಾರದು. ಮರ ಹತ್ತಿ ಕೊಯ್ಯುವ ಕೆಲಸವನ್ನು ಅದನ್ನೇ ಮಾಡುವವರಿಗೆ ಬಿಡಿ.

ಪೆಟ್ರೋಲಿಗೆ ಟೂ-ಸ್ಟ್ರೋಕ್ ಆಯಿಲ್ ಬೆರೆಸುವ ಅಳತೆ ಪುಸ್ತಕದಲ್ಲಿರುತ್ತದೆ. 50ಕ್ಕೆ 1 ಎಂದರೆ ಲೀಟರಿಗೆ 20 ಮಿ.ಲೀ., 25ಕ್ಕೆ 1 ಎಂದರೆ 40. ಕಣ್ಣಂದಾಜು ಬೇಡ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ನೀರು ಹೀರುತ್ತದೆ. ಜೂನ್‌ನಲ್ಲಿ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಚೈನಿಗೆ ಎಣ್ಣೆ ಹಚ್ಚಿ ಇಡಿ. ಸೆಪ್ಟೆಂಬರಿನಲ್ಲಿ ಹೊಸ ಪೆಟ್ರೋಲ್ ಬೆರೆಸಿ ಹಾಕಿದರೆ ಕಾರ್ಬುರೇಟರ್ ಬಿಚ್ಚುವ ಖರ್ಚು ಇರುವುದಿಲ್ಲ.